ಸಹಾಯ ಬೇಕು: ಡಿಟಿಪಿ ಅಂಗಡಿಯ ಕಂಪ್ಯೂಟರ್‌ಗೆ ವಿಂಡೋಸ್ 11 ಈಗಲೇ ಹಾಕಲಾ, ಕಾಯಲಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್, ಇಷ್ಟೇ ಕೆಲಸ. ಇರುವ ಎರಡು ಕಂಪ್ಯೂಟರ್‌ನಲ್ಲೂ ವಿಂಡೋಸ್ 10 ಇದೆ. ಅದರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಗೊತ್ತು. ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್‌ಗೆ ನೋಂದಣಿ ಮಾಡಿಕೊಂಡು ಒಂದು ವರ್ಷ ತಳ್ಳುತ್ತಿದ್ದೇನೆ ಅಷ್ಟೇ.

ಒಂದರ ಪ್ರೊಸೆಸರ್ ಐ5 ಆರನೇ ಜನರೇಶನ್, ಅದು ವಿಂಡೋಸ್ 11 ಹಾಕಬಹುದಾದ ಪ್ರೊಸೆಸರ್‌ಗಳ ಪಟ್ಟಿಯಲ್ಲೇ ಇಲ್ಲ, ಬಿಡಿ. ಇನ್ನೊಂದು ಎಂಟನೇ ಜನರೇಶನ್, 8 ಜಿಬಿ ರ್‍ಯಾಮ್. ಅದೂ ಮೊದಲು ಆಗಲ್ಲ ಅಂತಲೇ ತೋರಿಸುತ್ತಿತ್ತು, ಬಯೋಸ್‌ಗೆ (ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್) ಹೋಗಿ ಟಿಪಿಎಂ, ಅಂದರೆ 11ಕ್ಕೆ ಬೇಕಾದ ಸೆಕ್ಯುರಿಟಿ ಸೌಲಭ್ಯ, ಆನ್ ಮಾಡಿದ ಮೇಲೆ ಸರಿ ಅಂದಿತು.

ಈಗ ಭಯ ಇರುವುದು ಹಳೆಯ ಸಾಫ್ಟ್‌ವೇರ್‌ಗಳದ್ದು. ಹತ್ತು ವರ್ಷದ ಫೈಲುಗಳೆಲ್ಲ ಪುಟ ವಿನ್ಯಾಸದ ಪೇಜ್‌ಮೇಕರ್ 7ರಲ್ಲಿ, ಹಳೆಯ ನುಡಿ ಫಾಂಟ್‌ನಲ್ಲಿ ಇವೆ, ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಅಲ್ಲ. ಹಿಂದೆ ವಿಂಡೋಸ್ 7ರಿಂದ 10ಕ್ಕೆ ಹೋದಾಗ ಪ್ರಿಂಟರ್ ಡ್ರೈವರ್ ಸಿಗದೆ ಮದುವೆ ಸೀಸನ್‌ನಲ್ಲೇ ನಾಲ್ಕು ದಿನ ಕೆಲಸ ನಿಂತಿತ್ತು, ಗಿರಾಕಿಗಳ ಬೈಗುಳ ಇನ್ನೂ ಕಿವಿಯಲ್ಲಿದೆ!

ಇಷ್ಟವಾಗದಿದ್ದರೆ ಹತ್ತು ದಿನದೊಳಗೆ 10ಕ್ಕೆ ವಾಪಸ್ ಬರಬಹುದಂತಲ್ವಾ, ಯಾರಾದರೂ ಹಾಗೆ ಬಂದಿದ್ದೀರಾ? ಪೇಜ್‌ಮೇಕರ್, ನುಡಿ ಎರಡೂ 11ರಲ್ಲಿ ನಿಜವಾಗಿ ಓಡಿಸುತ್ತಿರುವವರು ದಯವಿಟ್ಟು ಹೇಳಿ. ಆಷಾಢದಲ್ಲಿ ಕೆಲಸ ಕಮ್ಮಿ, ಆಗ ಹೊಸ ಎಸ್‌ಎಸ್‌ಡಿಗೆ ಹಾಕಿ, ಹಳೆಯ ಡಿಸ್ಕ್ ಹಾಗೇ ಎತ್ತಿಡೋಣ ಅಂದುಕೊಂಡಿದ್ದೇನೆ. ಸುಮ್ನೆ ಹೊಸದು ತಗೊಳ್ಳಿ ಅನ್ನಬೇಡಿ, ಈಗ ಅಷ್ಟು ದುಡ್ಡಿಲ್ಲ.