ಟಾರ್ಪಿಡೊ ಆಂಕರ್ ಓರೆಯಾಗದೆ ಆಳಕ್ಕೆ ಇಳಿಯೋದು ಹೇಗೆ?

ಸಿವಿಲ್ ವಿದ್ಯಾರ್ಥಿ, ದಾವಣಗೆರೆ
ಸರ್, 15 ಮೀಟರ್ ಟಾರ್ಪಿಡೊ ಆಂಕರಿನ (ಸ್ವಂತ ತೂಕದಿಂದಲೇ ಬಿದ್ದು ಸಮುದ್ರತಳಕ್ಕೆ ನಾಟಿಕೊಳ್ಳುವ, ರೆಕ್ಕೆಯಿರುವ ಕಂಬದಂಥ ಲಂಗರು) 1/50 ಮಾದರಿ ಮಾಡಿದ್ದೇವೆ, ಉದ್ದ 30 ಸೆಂ.ಮೀ. 200 ಲೀಟರ್ ಡ್ರಮ್ಮಿನ ನೀರಲ್ಲಿ ಬಿಟ್ಟರೆ ವಾಲುತ್ತೆ, ತಳದ ಎರೆಮಣ್ಣಿನ ಕೆಸರಲ್ಲಿ ಅರ್ಧಕ್ಕೇ ನಿಲ್ಲುತ್ತೆ. ಇನ್ನೂ ಎತ್ತರದಿಂದ ಬಿಡಬೇಕಾ?

ಉತ್ತರ 1
ಎತ್ತರ ಆಮೇಲೆ ನೋಡೋಣ, ಮೊದಲು ತೂಕ ಎಲ್ಲಿ ಕೂತಿದೆ ನೋಡಿ. ಚಾಕುವಿನ ಅಂಚಿನ ಮೇಲೆ ಮಾದರಿಯನ್ನು ಅಡ್ಡ ಇಟ್ಟು ತೂಗಿ, ಸಮತೋಲ ಬಿಂದುವಿಗೆ ಗುರುತು ಹಾಕಿ. ಅದು ಮೂಗಿನ ಕಡೆಗೇ ಇರಬೇಕು. ಇಲ್ಲದಿದ್ದರೆ ಮೂಗಿಗೆ ಸೀಸ ತುಂಬಿ, ರೆಕ್ಕೆ ಹಿಂದಕ್ಕೆ ಸರಿಸಿ. ನಾಲ್ಕು ರೆಕ್ಕೆಯಲ್ಲಿ ಒಂದು ಸೊಟ್ಟಗಿದ್ದರೂ ಓರೆ ತಪ್ಪಲ್ಲ. ಬ್ರೆಜಿಲ್ಲಿನ ತೈಲ ಕಂಪನಿ ಪೆಟ್ರೋಬ್ರಾಸ್ ಇಳಿಸಿದ 98 ಟನ್ನಿನ ಆಂಕರಿಗೂ ಇದೇ ನಿಯಮ.

ಉತ್ತರ 2
ಸಮುದ್ರದಲ್ಲಿ ತಳದಿಂದ 30–150 ಮೀಟರ್ ಮೇಲೆ ಆಂಕರನ್ನು ಹಿಡಿದು, ಅದರ ಬಾಲಕ್ಕೆ ಕಟ್ಟಿದ ಚೈನನ್ನು ಸಡಿಲ ಕುಣಿಕೆಯಾಗಿ ಇಳಿಬಿಟ್ಟು ಕೈಬಿಡ್ತಾರೆ. ಚೈನ್ ಜಗ್ಗಿದರೆ ವೇಗವೂ ಹೋಯ್ತು, ನೇರವೂ ಹೋಯ್ತು. ನಿಮ್ಮ ಹಗ್ಗ ತೆಳ್ಳಗಿರಲಿ, ಪೂರ್ತಿ ಸಡಿಲವಿರಲಿ. ಅಲ್ಲಿ ತಳಕ್ಕೆ ಬಡಿಯುವಾಗಿನ ವೇಗ ಸೆಕೆಂಡಿಗೆ 20 ಮೀಟರ್ ಅಂದುಕೊಂಡರೆ, ಮಾದರಿಯಲ್ಲಿ ವೇಗ ಅಳತೆಯ ವರ್ಗಮೂಲದಷ್ಟು ಕುಗ್ಗುತ್ತೆ: √50ರಿಂದ ಭಾಗಿಸಿದರೆ 2.8 ಮೀಟರ್. ಪಕ್ಕದಲ್ಲಿ ಸ್ಕೇಲ್ ನಿಲ್ಲಿಸಿ ಮೊಬೈಲಿನ ಸ್ಲೋ ಮೋಷನ್ನಲ್ಲಿ ಅಳೆಯಿರಿ. ಆ ವೇಗ ಸಿಕ್ಕಿದ್ದರೆ ಎತ್ತರ ಹೆಚ್ಚಿಸಬೇಡಿ.

ಡ್ರಮ್ಮೂ ಸಾಲದು. ಆಂಕರಿನ ಮೂತಿ ಅದರ ಉದ್ದದ 2–3 ಪಟ್ಟು, ಅಂದರೆ 60–90 ಸೆಂ.ಮೀ. ಮಣ್ಣಿಗೆ ಇಳಿಯಬೇಕು, ಡ್ರಮ್ಮಿನ ಎತ್ತರವೇ ಸುಮಾರು 88.

ಉತ್ತರ 3
ಎರೆಮಣ್ಣು ಬೇಡಪ್ಪ. ನೀರು ಕುಡಿದು ಉಬ್ಬುತ್ತೆ, ಇವತ್ತಿನ ಗಟ್ಟಿತನ ನಾಳೆ ಇರಲ್ಲ. ಕೆವೊಲಿನ್ (ಹೆಚ್ಚು ಉಬ್ಬದ ಬಿಳಿ ಜೇಡಿಮಣ್ಣು) ಕಲಸಿ, ಭಾರ ಹೇರಿ ಕೂರಿಸಿ, 10 ಸೆಂ.ಮೀ.ಗೊಮ್ಮೆ ವೇನ್ ಶಿಯರ್ (ಮಣ್ಣೊಳಗೆ ರೆಕ್ಕೆ ತಿರುಗಿಸಿ ಗಟ್ಟಿತನ ಅಳೆಯುವ ಪರೀಕ್ಷೆ) ನೋಡಿ. ಬಿದ್ದ ತಕ್ಷಣ ಎಳೆಯಬೇಡಿ: ಕಲಕಿದ ಮಣ್ಣು ಮತ್ತೆ ಬಿಗಿಯಾಗುವ ತನಕ ಹಿಡಿತ ಕಮ್ಮಿಯೇ ತೋರಿಸುತ್ತೆ.