ಸಹಾಯ ಬೇಕು: ದೇವಶಾಸ್ತ್ರದಲ್ಲಿ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಓದಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಸಾಗರದ ಕಡೆಯವರು. ನನ್ನ ತಮ್ಮ ಶಿವಮೊಗ್ಗದಲ್ಲಿ ಬಿ.ಕಾಂ. ಮುಗಿಸಿದ್ದಾನೆ. ಈಗ ಚರ್ಚಿನಲ್ಲಿ ಸಭಾಪಾಲಕ (ಪಾಸ್ಟರ್) ಆಗಬೇಕು, ಅದಕ್ಕೆ ದೇವಶಾಸ್ತ್ರ ಓದಬೇಕು ಅಂತ ಹಟ ಹಿಡಿದಿದ್ದಾನೆ. ಬ್ಯಾಂಕ್ ಪರೀಕ್ಷೆ ಬರೆಯಲಿ ಅಂತ ಅಪ್ಪನ ಆಸೆ. ಅದು ನಮ್ಮ ಮನೆ ಪಂಚಾಯ್ತಿ, ಬಿಡಿ.

ಅವನ ಕಣ್ಣು ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಮೇಲಿದೆ. ಅಲ್ಲಿ ಓದಿದರೆ ಪಶ್ಚಿಮ ಬಂಗಾಳದ ಸೆರಾಂಪುರ ವಿಶ್ವವಿದ್ಯಾಲಯದ ಬಿ.ಡಿ. ಪದವಿ ಸಿಗುತ್ತದೆ. ಶಿಫಾರಸು ಪತ್ರದ ವಿಚಾರ ನಮ್ಮ ಚರ್ಚಿನ ಅಯ್ಯನವರು ನೋಡಿಕೊಳ್ಳುತ್ತಾರೆ.

ನಮ್ಮ ಚಿಂತೆ ಎಲ್ಲ ಭಾಷೆಯದ್ದು. ಹತ್ತನೇ ತರಗತಿ ತನಕ ಅವನು ಕನ್ನಡ ಮೀಡಿಯಂ. ಇಂಗ್ಲಿಷ್ ಹೇಗೋ ಸುಧಾರಿಸಬಹುದು, ಆದರೆ ಬೈಬಲಿನ ಮೂಲ ಭಾಷೆಗಳಾದ ಗ್ರೀಕ್, ಹೀಬ್ರೂ? ಹೀಬ್ರೂ ಬಲದಿಂದ ಎಡಕ್ಕೆ ಓದಬೇಕು, ಸ್ವರಗಳು ಅಕ್ಷರದ ಕೆಳಗೆ ಮೇಲೆ ಬರೀ ಚುಕ್ಕಿ, ಗೀಟು. ಸುಮ್ನೆ ಕೂರುವ ಹುಡುಗ ಅಲ್ಲ ಇವನು. ಮೊನ್ನೆ ನೋಡಿದರೆ ಅಡಿಕೆ ಮಂಡಿ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ಆಲ್ಫಾ, ಬೀಟಾ ತಿದ್ದುತ್ತಾ ಕೂತಿದ್ದ! ಆದರೂ ಇದು ವಿಡಿಯೋ ನೋಡಿ ಕಲಿಯುವಂಥದ್ದಲ್ಲ, ಅಲ್ವಾ?

ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಕಡೆ ಬಿ.ಡಿ. ಮುಗಿಸಿದವರು ಯಾರಾದರೂ ಇದ್ದರೆ ಅವನ ಜೊತೆ ಒಂದರ್ಧ ಗಂಟೆ ಮಾತಾಡುತ್ತೀರಾ? ಕನ್ನಡ ಮೀಡಿಯಂನಿಂದ ಹೋದವರಾದರೆ ಇನ್ನೂ ಒಳ್ಳೆಯದು. ಮೊದಲ ವರ್ಷ ಹೇಗೆ ನಿಭಾಯಿಸಿದಿರಿ, ಯಾವ ವಿಷಯಕ್ಕೆ ಜಾಸ್ತಿ ಒದ್ದಾಡಿದಿರಿ, ಅಷ್ಟು ಹೇಳಿದರೂ ಸಾಕು. ಹಳೇ ಗ್ರೀಕ್ ವ್ಯಾಕರಣ ಪುಸ್ತಕ ಇದ್ದರೆ ದುಡ್ಡು ಕೊಟ್ಟೇ ತಗೊಳ್ಳುತ್ತೇವೆ. ಇನ್‌ಬಾಕ್ಸ್‌ಗೆ ಮೆಸೇಜ್ ಹಾಕಿ, ನಾನೇ ಫೋನ್ ಮಾಡುತ್ತೇನೆ.