ಹಳೆ ಎಂಎಂ 540 ಜೀಪು: ಚಾಸಿಸ್ ಕೆಲಸ ಮನೆಯಲ್ಲೇ ಮಾಡಬಹುದಾ?

ಬದಿಯಡ್ಕದ ತೋಟ: ಅಪ್ಪನ ಕಾಲದ ಮಹೀಂದ್ರಾ ಎಂಎಂ 540, ಪ್ಯೂಜೊ ಎಂಜಿನ್, ಫೋರ್ ವೀಲ್. ತೋಟದಿಂದ ಅಡಿಕೆ ತರುವುದಕ್ಕೆ ಮಾತ್ರ ಬಳಕೆ. ಹಿಂದಿನ ಶ್ಯಾಕಲ್ (ಪಟ್ಟಿ ಸ್ಪ್ರಿಂಗನ್ನು ಚಾಸಿಸ್‌ಗೆ ಸೇರಿಸುವ ಕೊಂಡಿ) ಹತ್ತಿರ ಚಾಸಿಸ್ ತುಕ್ಕು ತಿಂದಿದೆ. ಬೆಳಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ. ಬ್ರೇಕ್ ಬಲಕ್ಕೆ ಎಳೆಯುತ್ತದೆ. ವೆಲ್ಡಿಂಗ್ ಮೆಷಿನ್ ಮನೆಯಲ್ಲೇ ಉಂಟು. ನಾನೇ ಮಾಡುವುದಾ, ಗ್ಯಾರೇಜಿಗೆ ಕೊಡುವುದಾ? ಅನುಭವ ಇದ್ದವರು ಹೇಳಿ.

ಮುಳ್ಳೇರಿಯದವ: ಗ್ಯಾರೇಜಾ? ನನ್ನ ಕಥೆ ಕೇಳಿ. ಒಬ್ಬರು 14,500 ತೆಗೆದುಕೊಂಡು ಚಾಸಿಸ್ "ಫುಲ್ ರೆಡಿ" ಮಾಡಿ ಕೊಟ್ಟರು. ಕಪ್ಪು ಪೈಂಟ್ ಥಳಥಳ. ಮನೆಗೆ ತಂದು ಸುತ್ತಿಗೆಯಲ್ಲಿ ಮೆಲ್ಲ ತಟ್ಟಿದೆ. ಟಣ್ ಅನ್ನಬೇಕಾದ ಕಡೆ ಡಬ್ ಅಂತು. ಕೆರೆದರೆ ಒಳಗೆ ಪುಟ್ಟಿ! ತುಕ್ಕಿನ ಮೇಲೆಯೇ ಪುಟ್ಟಿ ಹಚ್ಚಿದ್ದರು ಮಾರಾಯ್ರೇ. ಮತ್ತೆ ಎಲ್ಲ ನಾನೇ ಬಿಚ್ಚಿದೆ. ಪ್ಲೇಟ್ 2,800, ರಾಡ್ 900, ಗ್ರೈಂಡರ್ ಡಿಸ್ಕ್ 1,150, ಪ್ರೈಮರ್ 640, ಶ್ಯಾಕಲ್ ಪಿನ್ನು-ಬುಶ್ 1,700. ಪ್ಲೇಟಿನ ತುದಿ ನೇರ ಕತ್ತರಿಸಬೇಡಿ, ಓರೆ ಇರಲಿ. ಚಾಸಿಸ್‌ಗೆ ಅಡ್ಡವಾಗಿ ನೇರ ವೆಲ್ಡ್ ಎಳೆದರೆ ಅದರ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಬ್ಯಾಟರಿ ಎರಡೂ ವಯರ್ ತೆಗೆಯಿರಿ, ಇಲ್ಲದಿದ್ದರೆ ಆಲ್ಟರ್ನೇಟರ್ ಡಯೋಡ್ ಹೋಗುತ್ತದೆ.

ಕುಂಬಳೆ ಕಡಲು: ಮುಳ್ಳೇರಿಯದಲ್ಲಿ ಕೂತು ತುಕ್ಕಿನ ಬಗ್ಗೆ ಮಾತಾಡುವುದು ಸುಲಭ. ಸಮುದ್ರದ ಗಾಳಿಗೆ ಜೀಪು ನಿಲ್ಲಿಸಿ ನೋಡಿ. ನಾನು ಪೇಟೆಯಲ್ಲಿ ಟಾರಿನ ಅಂಡರ್‌ಬಾಡಿ ಕೋಟಿಂಗ್ ಹೊಡೆಸಿದ್ದೆ, 5,200 ರೂಪಾಯಿ. ಒಂದು ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು, ಅದರ ಹಿಂದೆ ನೀರು. ಒಳಗೆ ಸಿಕ್ಕಿಕೊಂಡ ನೀರು ಹೊರಗಿನ ಗಾಳಿಗಿಂತ ಜಾಸ್ತಿ ತಿನ್ನುತ್ತದೆ. ಈಗ ಪ್ರತಿ ಮೇ ಕೊನೆಗೆ ಹಳೆ ಎಂಜಿನ್ ಆಯಿಲ್ ಸ್ಪ್ರೇ ಮಾಡುತ್ತೇನೆ. ಖರ್ಚು ಸೊನ್ನೆ. ಚಾಸಿಸ್ ಕೆಳಗೆ ನೀರು ಹೋಗುವ ತೂತುಗಳಲ್ಲಿ ಕೆಸರು ತುಂಬಿರುತ್ತದೆ, ತಂತಿ ಹಾಕಿ ಬಿಡಿಸಿ. ಅರ್ಧ ತುಕ್ಕು ಅಲ್ಲಿಂದಲೇ ಶುರು.

ಪೆರ್ಲದ ಡೀಸೆಲ್: ಸೊನ್ನೆ ಖರ್ಚಾ? ನಮ್ಮ ದೊಡ್ಡಪ್ಪ ಇದನ್ನೇ ಮಾಡುತ್ತಿದ್ದರು. ರಬ್ಬರ್ ಬುಶ್ ಊದಿ ಮೆತ್ತಗಾಯಿತು, ಬ್ರೇಕ್ ಹೋಸ್ ಬಿರಿಯಿತು. ಬುಶ್ ಸೆಟ್ 1,860, ಹೋಸ್ 780, ಲೇಬರ್ ಬೇರೆ. ಮತ್ತೆ ಆ ಆಯಿಲ್ ಎಲ್ಲ ಮಳೆಗೆ ತೊಳೆದು ಹೋಗುವುದು ಎಲ್ಲಿಗೆ? ಬಾವಿಗೆ, ತೋಟಕ್ಕೆ. ಅದೇ ನೀರು ಕುಡಿಯುವುದು ಅಲ್ವಾ?

ಕುಂಬಳೆ ಕಡಲು: ಬುಶ್ ಮೇಲೆ ಹೊಡೆಯಿರಿ ಅಂತ ಯಾರು ಹೇಳಿದ್ದು? ನಾನು ಹೋಸಿಗೆ ಪ್ಲಾಸ್ಟಿಕ್ ಸುತ್ತಿ ಮಾಡುವುದು. ನಿಮ್ಮ ದೊಡ್ಡಪ್ಪನ ಕೈಕೆಲಸಕ್ಕೆ ನನ್ನ ಆಯಿಲ್ ಏನು ಮಾಡುತ್ತದೆ?

ಅಡೂರು ಲೋ ಗೇರ್: ಜಗಳ ಆಮೇಲೆ. ಸ್ಟಾರ್ಟಿಂಗ್ ವಿಷಯ ಹೇಳುತ್ತೇನೆ, ಇದರಲ್ಲಿ ನನಗೆ 19,000 ನೀರು ಪಾಲಾಗಿದೆ. ಪಂಪು ಕ್ಯಾಲಿಬ್ರೇಷನ್ ಅಂದರು, ಮಾಡಿಸಿದೆ. ಇಂಜೆಕ್ಟರ್ ನಾಝಲ್ ಅಂದರು, ಹಾಕಿಸಿದೆ. ಸ್ಟಾರ್ಟರ್ ಅಂದರು, ಅದೂ ಆಯಿತು. ಮರುದಿನ ಬೆಳಗ್ಗೆ ಅದೇ ಘರ್ ಘರ್. ಕೊನೆಗೆ ನಮ್ಮ ಪಕ್ಕದ ರಬ್ಬರ್ ಟ್ಯಾಪಿಂಗ್‌ನವ ಹೇಳಿದ, ಬೆಳಗ್ಗೆ ಕೀ ಹಾಕುವ ಮೊದಲು ಡೀಸೆಲ್ ಲೈನಿನ ಹ್ಯಾಂಡ್ ಪಂಪ್ ಒತ್ತಿ ನೋಡು ಅಂತ. ಒತ್ತಿದೆ, ಹೀಟರ್ (ಎಂಜಿನ್ ಒಳಗೆ ಬಿಸಿ ಮಾಡುವ ಪ್ಲಗ್) ಹಿಡಿದೆ, ಸೆಲ್ಫ್ ಕೊಟ್ಟೆ, ಒಂದೇ ಏಟಿಗೆ! ರಾತ್ರಿ ಎಲ್ಲೋ ಗಾಳಿ ಎಳೆದು ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುತ್ತಿತ್ತು. ತಪ್ಪಿತಸ್ಥ ಫಿಲ್ಟರ್ ಮೇಲಿನ ತಾಮ್ರದ ವಾಶರ್. ಬೆಲೆ 15 ರೂಪಾಯಿ. ಹಾಕಿ ಬ್ಲೀಡ್ ಮಾಡಿದೆ, ಅಂದರೆ ಲೈನಿನ ಗಾಳಿ ತೆಗೆದೆ. ಹೀಟರ್ ಪ್ಲಗ್ ಬೇರೆ ನೋಡಬೇಕು: ವಯರ್ ಬಿಚ್ಚಿ ಬ್ಯಾಟರಿ ಪಾಸಿಟಿವ್‌ನಿಂದ ಟೆಸ್ಟ್ ಬಲ್ಬ್ ಹಿಡಿಯಿರಿ. ಉರಿಯದಿದ್ದರೆ ಪ್ಲಗ್ ಸತ್ತಿದೆ.

ಮುಳ್ಳೇರಿಯದವ: ಅದಕ್ಕೇ ಹೇಳುವುದು, ಪ್ಯೂಜೊ ಬಿಟ್ಟು ಮಹೀಂದ್ರಾದ ಎಂಡಿಐ ಎಂಜಿನ್ ಹಾಕಿಸಿ. ಡೈರೆಕ್ಟ್ ಇಂಜೆಕ್ಷನ್, ಡೀಸೆಲ್ ನೇರ ಸಿಲಿಂಡರಿಗೇ, ಹೀಟರ್ ಗೋಳೇ ಇಲ್ಲ.

ಅಡೂರು ಲೋ ಗೇರ್: ಹೋಗಿ ಸ್ವಾಮಿ. ಎಂಡಿಐ 2523 ಸಿಸಿ, ಪ್ಯೂಜೊ 2112. ಸುಮ್ನೆ ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲಿ ಬದಲಿಸುವವರು ಯಾರು? ಎಂಡಿಐ ಸೀಟಲ್ಲಿ ಕೂತರೆ ಹಲ್ಲು ಅಲುಗಾಡುತ್ತದೆ. ಪ್ಯೂಜೊ ಎಂಜಿನ್ ಮೆತ್ತಗೆ ಓಡುತ್ತದೆ, ಏರು ಹತ್ತುವಾಗ ಲೋ ಗೇರ್ ಉಂಟಲ್ಲ.

ಮುಳ್ಳೇರಿಯದವ: ಬಂದ್ಯಡ್ಕದ ಏರಲ್ಲಿ ಹಿಂದಿನ ಬಸ್ಸಿನವ ಹಾರ್ನ್ ಹೊಡೆಯುವಾಗ ಈ ಮೆತ್ತಗೆ ಓಡುವ ಮಾತು ಹೇಳಿ ನೋಡೋಣ.

ಬದಿಯಡ್ಕದ ತೋಟ: ಬ್ರೇಕ್ ಬಗ್ಗೆ ಯಾರೂ ಹೇಳಲಿಲ್ಲ...

ಪೆರ್ಲದ ಡೀಸೆಲ್: ಬಲಕ್ಕೆ ಎಳೆದರೆ ಎಡ ಬದಿ ಹಿಡಿಯುತ್ತಿಲ್ಲ ಅಂತ. ಎಲ್ಲರೂ ಬಲದ ಡ್ರಮ್ ಬಿಚ್ಚುತ್ತಾರೆ! ಎಡದ ವೀಲ್ ಸಿಲಿಂಡರ್ ಜಾಮ್ ಆಗಿದೆಯಾ, ಶೂಗೆ ಗ್ರೀಸ್ ತಾಗಿದೆಯಾ ನೋಡಿ. ಗ್ರೀಸ್ ಕುಡಿದ ಲೈನಿಂಗ್ ಪೆಟ್ರೋಲ್‌ನಲ್ಲಿ ತೊಳೆದರೆ ಸರಿಯಾಗುವುದಿಲ್ಲ, ಬದಲಿಸಿ. ನನಗೆ ಎರಡೂ ಬದಿಗೆ 2,350 ಆಯಿತು. ಒಂದು ಬದಿ ಮಾತ್ರ ಹಾಕಬೇಡಿ.

ಕುಂಬಳೆ ಕಡಲು: ವೆಲ್ಡಿಂಗ್ ಮಾಡುವಾಗ ಚಾಸಿಸ್ ನಂಬರ್ ಇರುವ ಜಾಗ ಮುಟ್ಟಬೇಡಿ, ಗ್ರೈಂಡರ್ ತಾಗಿಸಲೂಬೇಡಿ. ಆರ್‌ಸಿ ರಿನ್ಯೂವಲ್‌ಗೆ ಹೋದಾಗ ಅದನ್ನೇ ನೋಡುತ್ತಾರೆ. ಕೇಂದ್ರದ ನಿಯಮದಲ್ಲಿ 600 ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲೇ 5,000 ಆಗಿತ್ತು, ಅದರ ಮೇಲೆ ಹಳೆ ಗಾಡಿಯ ಗ್ರೀನ್ ಟ್ಯಾಕ್ಸ್.

ಪೆರ್ಲದ ಡೀಸೆಲ್: ಇದು ಮಾತ್ರ ಸರಿ ಹೇಳಿದಿರಿ. ಆಯಿಲ್ ವಿಷಯ ಒಪ್ಪಿಲ್ಲ.

ಕುಂಬಳೆ ಕಡಲು: ಒಪ್ಪಬೇಡಿ. ಜೂನ್‌ನಲ್ಲಿ ಕುಂಬಳೆಗೆ ಬನ್ನಿ, ನಿಮ್ಮದು, ನನ್ನದು ಎರಡೂ ಜೀಪಿನ ಕೆಳಗೆ ಮಲಗಿ ನೋಡೋಣ. ಸುತ್ತಿಗೆ ನಿಮ್ಮದೇ ತನ್ನಿ.